ವೋಟಿಲ್ಲದಿದ್ದರೂ ಎರಡು ನಿಮಿಷ ಸಿಗುತ್ತದೆ: ಟೆಕ್ಸಸ್ ಕ್ಯಾಪಿಟಲ್‌ನಲ್ಲಿ ಮಾತಾಡುವುದು ಹೇಗೆ

ಮೊದಲ ಸಲ ನಾನು ಎಡವಿದ್ದು ಒಂದು ಅಂಕಿಗೆ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಬಿಲ್ 2 ಹಿಯರಿಂಗ್ ಬರ್ತಿದೆ, ಶಾಲೆ ವಿಷಯ, ಹೋಗೋಣ’ ಅಂತ ಹಾಕಿದ್ದರು. ನಾನು ಟೆಕ್ಸಸ್ ಶಾಸನಸಭೆಯ ವೆಬ್‌ಸೈಟಿಗೆ ಹೋದೆ. ಹೌಸ್ ಬಿಲ್ 2 ಇರಬೇಕು ಅಂದುಕೊಂಡೆ. ಇಮೇಲ್ ಅಲರ್ಟ್ ಹಾಕಿ ನೆಮ್ಮದಿಯಾಗಿ ಕೂತೆ. ಆದರೆ ಶಾಸನಸಭೆಗೆ ಹೌಸ್, ಸೆನೆಟ್ ಅಂತ ಎರಡು ಸದನ, ಬಿಲ್‌ಗಳ ಅಂಕಿ ಬೇರೆ ಬೇರೆ. ಅವರು ಹೇಳಿದ್ದು ಸೆನೆಟ್ ಬಿಲ್ 2. ಹೌಸ್ ಬಿಲ್ 2 ಸರ್ಕಾರಿ ಶಾಲೆಗಳಿಗೆ ಹಣ ಹೆಚ್ಚಿಸುವ ಬಿಲ್. ಸೆನೆಟ್ ಬಿಲ್ 2 ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ಸರ್ಕಾರದ ಹಣ ಕೊಡುವ ಬಿಲ್. ಅಂಕಿ ಒಂದೇ, ಹಣ ಹೋಗುವ ದಿಕ್ಕು ಬೇರೆ. 2025ರ ಜನವರಿ 28ಕ್ಕೆ ಸೆನೆಟ್ ಕಮಿಟಿ ಹಿಯರಿಂಗ್, ಅಂದರೆ ಬಿಲ್ ಬಗ್ಗೆ ಜನರ ಮಾತು ಕೇಳುವ ಸಭೆ, ಮಾಡಿ ಮುಗಿಸಿತು. ನಾನು ಅವತ್ತು ಫ್ರೋಜನ್ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡುತ್ತಾ, ಇಮೇಲ್ ಬರಲಿ ಅಂತ ಕಾಯುತ್ತಾ ಇದ್ದೆ.

ನನ್ನೂರು ತಿಪಟೂರು. ಆಸ್ಟಿನ್‌ನ ಉತ್ತರಕ್ಕೆ ಮನೆ ಮಾಡಿ ಹನ್ನೆರಡು ವರ್ಷ ಆಯಿತು. ಬೋರ್ಡು, ಬ್ಯಾನರ್ ಪ್ರಿಂಟ್ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಾವಿನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದ್ದೇವೆ, ಹಾಗಾಗಿ ವೋಟಿಲ್ಲ. ‘ವೋಟಿಲ್ಲದವರ ಮಾತು ಯಾರು ಕೇಳ್ತಾರೆ’ ಅಂತ ನನ್ನ ಗಂಡ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹೋಗಿ ನೋಡಿದೆ. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಯಾರು ಮಾತಾಡಬಹುದು

ಯಾರು ಬೇಕಾದರೂ. ಕಮಿಟಿಯ ಮುಂದೆ ಕೂತು ಮಾತಾಡಲು ಅಮೆರಿಕದ ಪ್ರಜೆ ಆಗಿರಬೇಕು ಅಂತ ಇಲ್ಲ. ವೋಟರ್ ಕಾರ್ಡ್ ಕೇಳುವುದಿಲ್ಲ. ಆದರೆ ಒಂದು ಗೊತ್ತಿರಲಿ. ನಿಮ್ಮ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಉಳಿಯುತ್ತದೆ. ವಿಡಿಯೋ ಕೂಡ ಉಳಿಯುತ್ತದೆ. ವೀಸಾದ ಮೇಲೆ ಇರುವವರಿಗೆ ಈಚೆಗೆ ಇದು ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ. ಹೆದರಿಕೆ ಇದ್ದರೆ ಹೋಗಬೇಡಿ, ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ನಿಮ್ಮ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ. ನಾನು ಕೇಳಿಯೇ ಹೋದೆ.

ಬಾಯಿಬಿಟ್ಟು ಹೇಳಲು ಆಗದವರಿಗೆ ಇನ್ನೊಂದು ದಾರಿ ಇದೆ. ಹೌಸ್ ಕಮಿಟಿಗಳಿಗೆ ಟೆಕ್ಸಸ್ ನಿವಾಸಿಗಳು ಆನ್‌ಲೈನ್‌ನಲ್ಲೇ ಅಭಿಪ್ರಾಯ ಬರೆದು ಕಳಿಸಬಹುದು. ಮನೆಯಲ್ಲಿ ಕೂತು ಹತ್ತು ನಿಮಿಷದ ಕೆಲಸ. ಆದರೆ ಸಾವಿರಾರು ಜನ ಹಾಗೆ ಬರೆಯುತ್ತಾರೆ. ಎದುರಿಗೆ ಹೋಗಿ ಕೂತವರ ತೂಕ ಅದಕ್ಕೆ ಬರುವುದಿಲ್ಲ.

ಎಲ್ಲಿ, ಯಾವಾಗ

ಟೆಕ್ಸಸ್ ಶಾಸನಸಭೆ ವರ್ಷವಿಡೀ ನಡೆಯುವುದಿಲ್ಲ. ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಜನವರಿಯ ಎರಡನೇ ಮಂಗಳವಾರದಿಂದ 140 ದಿನ. ಮುಂದಿನದು 2027ರ ಜನವರಿ 12ಕ್ಕೆ ಶುರು, ಮೇ 31ಕ್ಕೆ ಮುಗಿಯುತ್ತದೆ. ಆದರೆ ಬಿಲ್‌ಗಳನ್ನು 2026ರ ನವೆಂಬರ್ ಚುನಾವಣೆ ಮುಗಿದ ಮುಂದಿನ ಸೋಮವಾರದಿಂದಲೇ ಸಲ್ಲಿಸಲು ಶುರು ಮಾಡುತ್ತಾರೆ. ಅಂದರೆ ದೀಪಾವಳಿಯ ಹೊತ್ತಿಗೆ ನಿಮ್ಮ ಅಲರ್ಟ್ ಸಿದ್ಧ ಇರಬೇಕು. ನಡುವೆ ಗವರ್ನರ್ 30 ದಿನದ ವಿಶೇಷ ಅಧಿವೇಶನ ಕರೆಯಬಹುದು. ಅಲ್ಲಿ ಅವರು ಹೇಳಿದ ವಿಷಯ ಮಾತ್ರ. 2023ರಲ್ಲಿ ನಾಲ್ಕು ಸಲ ಕರೆದರು.

ಹೌಸ್‌ನಲ್ಲಿ 150 ಜನ, ಸೆನೆಟ್‌ನಲ್ಲಿ 31. ಇವರ ಸಂಬಳ ತಿಂಗಳಿಗೆ 600 ಡಾಲರ್, ಅಧಿವೇಶನದ ದಿನಗಳಲ್ಲಿ ಭತ್ಯೆ ಬೇರೆ. ಹಾಗಾಗಿ ಬಹುತೇಕ ಎಲ್ಲರಿಗೂ ಬೇರೆ ಕಸುಬು ಇದೆ. ಒಬ್ಬರು ವಕೀಲರು, ಇನ್ನೊಬ್ಬರು ದನದ ಫಾರ್ಮ್ ಇಟ್ಟವರು. ಇದನ್ನು ಯಾಕೆ ಹೇಳಿದೆ ಅಂದರೆ, ಎದುರಿಗೆ ಕೂತವರಿಗೆ ನಿಮ್ಮ ವಿಷಯ ಪೂರ್ತಿ ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ. ಬಿಲ್ ಓದಿ ಅವರಿಗೆ ವಿವರಿಸುವುದು ಅವರ ಆಫೀಸಿನ ಹುಡುಗ ಹುಡುಗಿಯರು. ಹಿಯರಿಂಗ್‌ಗೆ ಮುಂಚೆ ಆ ಆಫೀಸಿಗೆ ಫೋನ್ ಮಾಡಿ ಶಿಕ್ಷಣದ ಬಿಲ್ ನೋಡುವವರು ಯಾರು ಅಂತ ಕೇಳಿ. ಇಪ್ಪತ್ತನಾಲ್ಕು ವರ್ಷದ ಒಂದು ಹುಡುಗಿ ಸಿಗುತ್ತಾಳೆ, ತುಂಬಾ ಸುಸ್ತಾಗಿರುತ್ತಾಳೆ, ಆದರೆ ಎಲ್ಲಾ ಬರೆದುಕೊಳ್ಳುತ್ತಾಳೆ.

ಹಿಯರಿಂಗ್ ನೋಟಿಸ್ ಕೆಲವು ಸಲ ಒಂದೆರಡು ದಿನ ಮುಂಚೆ ಮಾತ್ರ ಬರುತ್ತದೆ. ಹೊತ್ತು ಕೂಡ ನಂಬುವ ಹಾಗಿಲ್ಲ. ಎಷ್ಟೋ ನೋಟಿಸ್‌ಗಳಲ್ಲಿ ‘ಸದನ ಮುಗಿದ ಮೇಲೆ’ ಅಂತ ಇರುತ್ತದೆ. ಸದನ ಯಾವಾಗ ಮುಗಿಯುತ್ತದೆ ಅಂತ ಸದನಕ್ಕೇ ಗೊತ್ತಿರುವುದಿಲ್ಲ.

ಬಿಲ್ ಓದುವ ಬಗೆ

ಮೊದಲು ಅಕ್ಷರ ನೋಡಿ, ಆಮೇಲೆ ಅಂಕಿ. ಎಚ್‌ಬಿ ಅಂದರೆ ಹೌಸ್, ಎಸ್‌ಬಿ ಅಂದರೆ ಸೆನೆಟ್. ಎಷ್ಟೋ ಸಲ ಒಂದೇ ವಿಷಯಕ್ಕೆ ಎರಡೂ ಕಡೆ ಒಂದೊಂದು ಬಿಲ್ ಇರುತ್ತದೆ, ಎರಡಕ್ಕೂ ಅಲರ್ಟ್ ಹಾಕಿ. 2025ರಲ್ಲಿ ಹೌಸ್‌ನವರು ಇದೇ ಶಾಲೆಯ ಹಣದ ವಿಷಯಕ್ಕೆ ಎಚ್‌ಬಿ 3 ಅಂತ ತಮ್ಮದೇ ಬಿಲ್ ತಂದರು. ಕೊನೆಗೆ ತಮ್ಮ ಒಕ್ಕಣೆಯನ್ನು ಎಸ್‌ಬಿ 2ರ ಒಳಗೆ ಹಾಕಿ ಪಾಸ್ ಮಾಡಿದರು. ನಾನು ಎಸ್‌ಬಿ 2 ಒಂದನ್ನೇ ಹಿಡಿದುಕೊಂಡು ಕೂತಿದ್ದರೆ ಎರಡನೇ ಸಲವೂ ತಪ್ಪುತ್ತಿತ್ತು.

ಒಳಗೆ ಹೊಸದಾಗಿ ಸೇರಿಸಿದ ಸಾಲುಗಳ ಕೆಳಗೆ ಗೆರೆ ಇರುತ್ತದೆ. ತೆಗೆದುಹಾಕಿದ ಸಾಲುಗಳನ್ನು ಹೊಡೆದು ತೋರಿಸಿರುತ್ತಾರೆ. ಪೂರ್ತಿ ಓದಲು ಪುರುಸೊತ್ತು ಇಲ್ಲದಿದ್ದರೆ ಗೆರೆ ಎಳೆದದ್ದನ್ನು ಮಾತ್ರ ಓದಿ. ಆಮೇಲೆ ಫಿಸ್ಕಲ್ ನೋಟ್ ಓದಿ. ಬಜೆಟ್ ಬೋರ್ಡಿನವರು ಬರೆಯುವ ಖರ್ಚಿನ ಚೀಟಿ ಅದು. ಲೆಕ್ಕ ಬರೆಯುವವಳಾದ್ದರಿಂದ ಹೇಳುತ್ತಿಲ್ಲ, ನಿಜಕ್ಕೂ ಬಿಲ್‌ನ ಬಣ್ಣ ಬಯಲಾಗುವುದು ಅಲ್ಲೇ.

ಮಕ್ಕಳ ಶಾಲೆಯ ಬಿಲ್

ಇದು ನನ್ನ ಮನೆಯ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಫೋನಿನಲ್ಲಿ ಎಸ್‌ಬಿ 2ರ ವಿಷಯ ಹೇಳಿದಾಗ ಅಮ್ಮ ‘ಹಂಗಂದ್ರೆ ನಮ್ಮ ಆರ್‌ಟಿಇ ಸೀಟಿದ್ದಂಗಾ?’ ಅಂತ ಕೇಳಿದರು. ಪೂರ್ತಿ ಹಾಗಲ್ಲ. ಆರ್‌ಟಿಇಯಲ್ಲಿ ಸರ್ಕಾರ ಶಾಲೆಗೆ ಫೀಸ್ ತುಂಬುತ್ತದೆ, ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಇಲ್ಲಿ ಮಗುವಿನ ಹೆಸರಿನಲ್ಲಿ ಒಂದು ಖಾತೆ. ಅದರಲ್ಲಿ ಸರ್ಕಾರ ಹಣ ಹಾಕುತ್ತದೆ, ತಂದೆತಾಯಿ ಅದನ್ನು ಖಾಸಗಿ ಶಾಲೆಗೋ ಟ್ಯೂಷನ್‌ಗೋ ಬಳಸುತ್ತಾರೆ. ಸೇರಿಸಿಕೊಳ್ಳುವುದು ಬಿಡುವುದು ಶಾಲೆಯ ಇಷ್ಟ. ‘ಓ, ದುಡ್ಡು ನಮ್ಮ ಕೈಲಿ, ಬಾಗಿಲು ಅವರ ಕೈಲಿ’ ಅಂದರು ಅಮ್ಮ. ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ಈ ಜಗಳ ಹಳೆಯದು. 2023ರ ನವೆಂಬರ್‌ನಲ್ಲಿ ಹೌಸ್ ಇದನ್ನು 84–63 ವೋಟಿನಿಂದ ಬಿಲ್‌ನಿಂದ ಕಿತ್ತುಹಾಕಿತು. ಇದು ಬೇಕು ಅನ್ನುತ್ತಿದ್ದ ಗವರ್ನರ್ ಗ್ರೆಗ್ ಆಬಟ್ ಅವರ ಪಕ್ಷದವರೇ 21 ಜನ ಅವತ್ತು ವಿರುದ್ಧ ಹೋದರು. ಬಹುಪಾಲು ಹಳ್ಳಿ ಕಡೆಯವರು. ಅವರ ಊರುಗಳಲ್ಲಿ ಖಾಸಗಿ ಶಾಲೆ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಎಷ್ಟೋ ಕಡೆ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟೇ ಊರಿಗೆಲ್ಲಾ ಕೆಲಸ ಕೊಡುವ ದೊಡ್ಡ ಧಣಿ. ಮುಂದಿನ ವರ್ಷದ ಪಕ್ಷದೊಳಗಿನ ಚುನಾವಣೆಯಲ್ಲಿ ಆಬಟ್ ಅವರಲ್ಲಿ ಹಲವರ ಎದುರಾಳಿಗಳ ಪರ ಓಡಾಡಿದರು. 2025ರ ಏಪ್ರಿಲ್ 17ರ ನಸುಕಿನಲ್ಲಿ ಅದೇ ಹೌಸ್ 85–63ರಿಂದ ಪಾಸ್ ಮಾಡಿತು. ಮೇ 3ಕ್ಕೆ ಸಹಿ ಬಿತ್ತು.

ಕಾನೂನಿನ ಲೆಕ್ಕ ಹೀಗಿದೆ. ಮೊದಲ ಎರಡು ವರ್ಷಕ್ಕೆ 100 ಕೋಟಿ ಡಾಲರ್. 2026–27ರ ಶಾಲಾ ವರ್ಷದಿಂದ ಶುರು. ಖಾಸಗಿ ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಸುಪಾಸು, ಅಂಗವೈಕಲ್ಯ ಇರುವ ಮಗುವಿಗೆ 30,000ದವರೆಗೆ, ಮನೆಯಲ್ಲೇ ಕಲಿಯುವ ಮಗುವಿಗೆ 2,000. ಅರ್ಜಿ ಜಾಸ್ತಿ ಬಂದರೆ ಅಂಗವೈಕಲ್ಯ ಇರುವ ಮಕ್ಕಳು ಮತ್ತು ಆದಾಯ ಕಡಿಮೆ ಇರುವ ಮನೆಯವರು ಮುಂದೆ. ಬಡತನದ ರೇಖೆಯ ಐದು ಪಟ್ಟು ಮೀರಿದವರಿಗೆ ಒಟ್ಟು ಹಣದಲ್ಲಿ 20 ಪರ್ಸೆಂಟ್ ಮಿತಿ. ನಾಲ್ಕು ಜನರ ಮನೆಗೆ 2025ರಲ್ಲಿ ಆ ಐದು ಪಟ್ಟು ಅಂದರೆ ಸುಮಾರು 1,60,000 ಡಾಲರ್. ಗಂಡಹೆಂಡತಿ ಇಬ್ಬರೂ ಐಟಿಯಲ್ಲಿ ಇರುವ ನಮ್ಮವರು ಇಲ್ಲೇ ಹಿಂದೆ ಬೀಳುತ್ತಾರೆ, ಅದು ಗೊತ್ತಿಲ್ಲದೆ ಗುಂಪಿನಲ್ಲಿ ತಿಂಗಳುಗಟ್ಟಲೆ ವಾದ ಮಾಡಿದರು.

ನನ್ನ ಮಗನಿಗೆ ಮಾತು ತಡವಾಗಿ ಬಂತು. ಸರ್ಕಾರಿ ಶಾಲೆಯಲ್ಲಿ ಅವನಿಗೆ ಸ್ಪೀಚ್ ಥೆರಪಿ ಇದೆ. ವರ್ಷಕ್ಕೊಮ್ಮೆ ಟೀಚರು, ಥೆರಪಿಸ್ಟು, ನಾವು ಎಲ್ಲಾ ಒಂದು ಮೇಜಿನ ಸುತ್ತ ಕೂತು ಅವನಿಗೆ ಏನೇನು ಬೇಕು ಅಂತ ಬರೆದು ಸಹಿ ಹಾಕುತ್ತೇವೆ. ಟೆಕ್ಸಸ್‌ನವರು ಇದಕ್ಕೆ ಆರ್ಡ್ ಮೀಟಿಂಗ್ ಅನ್ನುತ್ತಾರೆ. ಆ ಕಾಗದ ಫೆಡರಲ್ ಕಾನೂನಿನ ಹಕ್ಕು. ಅದನ್ನು ಪಡೆಯಲೂ ನಾವು ಒಂದು ವರ್ಷ ಅಲೆದೆವು, ಆ ಕಥೆ ಇಲ್ಲಿ ಬೇಡ. ಇದೇ ರಾಜ್ಯದಲ್ಲಿ 2004ರಿಂದ ಸುಮಾರು ಹನ್ನೆರಡು ವರ್ಷ, ವಿಶೇಷ ಶಿಕ್ಷಣದ ಮಕ್ಕಳು 8.5 ಪರ್ಸೆಂಟ್ ದಾಟಬಾರದು ಅನ್ನುವ ಅಳತೆಕೋಲು ಇತ್ತು. ಅದರಿಂದ ಕಾನೂನು ಮುರಿದಿದೆ ಅಂತ 2018ರಲ್ಲಿ ಫೆಡರಲ್ ಶಿಕ್ಷಣ ಇಲಾಖೆಯೇ ಹೇಳಿತು. ಹಾಗಾಗಿ ಆ ಕಾಗದ ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಜೊತೆ ಇರುತ್ತದೆ. ಖಾತೆಯ ಹಣ ತೆಗೆದುಕೊಂಡು ಖಾಸಗಿ ಶಾಲೆಗೆ ಹೋದರೆ ಈ ಕಾಗದಕ್ಕೆ ಆ ಶಾಲೆ ಬಾಧ್ಯ ಅಲ್ಲ.

ನನ್ನ ಗೆಳತಿಯೊಬ್ಬಳು ಇದೇ ಬಿಲ್‌ನ ಪರ. ಅವಳ ಮಗಳಿಗೆ ಸರ್ಕಾರಿ ಶಾಲೆ ಒಗ್ಗಲೇ ಇಲ್ಲ, ಸಾಲ ಮಾಡಿ ಖಾಸಗಿಗೆ ಹಾಕಿದ್ದಾಳೆ. ಅವಳಿಗೆ ಈ ಹಣ ಅಂದರೆ ಉಸಿರು. ಇಬ್ಬರೂ ಒಂದೇ ಕಾರಿನಲ್ಲಿ ಹೋದೆವು. ದಾರಿಯಲ್ಲಿ ವಾದ ಮಾಡಲಿಲ್ಲ, ಪಾರ್ಕಿಂಗ್ ಸಿಗುವ ಚಿಂತೆಯೇ ಸಾಕಾಗಿತ್ತು.

ಅವತ್ತಿನ ದಿನ

12ನೇ ಬೀದಿ ಮತ್ತು ಸ್ಯಾನ್ ಹಸಿಂಟೋ ಬೀದಿ ಸೇರುವಲ್ಲಿ ಸಂದರ್ಶಕರ ಪಾರ್ಕಿಂಗ್ ಇದೆ. ದೊಡ್ಡ ಬಿಲ್ ಇರುವ ದಿನ ಬೆಳಗ್ಗೆಯೇ ತುಂಬುತ್ತದೆ. ಶಾಸನಸಭೆ ಕೂರುವ ಕ್ಯಾಪಿಟಲ್ ಕಟ್ಟಡ 1888ರದು, ಕೆಂಪು ಗ್ರಾನೈಟ್. ವಾಷಿಂಗ್ಟನ್‌ನ ಕ್ಯಾಪಿಟಲ್‌ಗಿಂತ ಎತ್ತರ ಅಂತ ಇಲ್ಲಿನವರು ಸಿಕ್ಕವರಿಗೆಲ್ಲಾ ಹೇಳುತ್ತಾರೆ, ನಿಜ ಕೂಡ. ಆದರೆ ಹೆಚ್ಚಿನ ಹಿಯರಿಂಗ್ ಆ ಗುಮ್ಮಟದ ಕೆಳಗೆ ಅಲ್ಲ. ಹಿಂಭಾಗದಲ್ಲಿ ನೆಲದ ಕೆಳಗೆ ಎರಡು ಮಹಡಿ ಇದೆ, 1993ರಲ್ಲಿ ಕಟ್ಟಿದ್ದು. ಕೋಣೆಯ ನಂಬರ್ ‘ಇ’ ಅಕ್ಷರದಿಂದ ಶುರುವಾದರೆ ಕೆಳಗೆ ಇಳಿಯಿರಿ. ಕ್ಯಾಂಟೀನೂ ಅಲ್ಲೇ.

ಹೌಸ್ ಕಮಿಟಿ ಆದರೆ ಹೆಸರು ಬರೆಸುವುದು ಕಿಯಾಸ್ಕ್‌ನಲ್ಲಿ. ಕ್ಯಾಪಿಟಲ್‌ನ ವೈಫೈಗೆ ಸೇರಿಕೊಂಡು ನಿಮ್ಮ ಫೋನಿನಲ್ಲೂ ಮಾಡಬಹುದು, ಮನೆಯಿಂದ ಆಗುವುದಿಲ್ಲ. ಸೆನೆಟ್‌ದು ಬೇರೆ ವ್ಯವಸ್ಥೆ, ಕೋಣೆಯ ಬಾಗಿಲಲ್ಲಿ ಇರುವ ಸಿಬ್ಬಂದಿಯನ್ನು ಕೇಳಿ. ಕಿಯಾಸ್ಕ್ ಹೆಸರು, ಊರು ಕೇಳುತ್ತದೆ. ಯಾವ ಬಿಲ್ ಅಂತ ಕೇಳುತ್ತದೆ. ನೀವು ನಿಮ್ಮ ಪರ ಬಂದಿದ್ದೀರಾ, ಯಾವುದಾದರೂ ಸಂಸ್ಥೆಯ ಪರ ಬಂದಿದ್ದೀರಾ? ‘ಸ್ವಂತ’ ಒತ್ತಿ. ಆಮೇಲೆ ಮೂರು ಗುಂಡಿ: ಪರ, ವಿರೋಧ, ‘ಆನ್’. ಆನ್ ಅಂದರೆ ಎರಡೂ ಅಲ್ಲ, ವಿಷಯದ ಬಗ್ಗೆ ಮಾತಾಡುತ್ತೇನೆ ಅಷ್ಟೇ. ಕೊನೆಗೆ ಇನ್ನೊಂದು ಪ್ರಶ್ನೆ, ಮಾತಾಡುತ್ತೀರಾ ಇಲ್ಲ ಸುಮ್ಮನೆ ಹೆಸರು ದಾಖಲಿಸುತ್ತೀರಾ. ಮಾತಾಡಲು ಬಂದವರು ಅವಸರದಲ್ಲಿ ಎರಡನೆಯದನ್ನು ಒತ್ತಿ ಇಡೀ ದಿನ ಕಾದಿದ್ದನ್ನು ನೋಡಿದ್ದೇನೆ.

ನಾನು ಅವತ್ತು ಆನ್ ಒತ್ತಿದೆ. ಧೈರ್ಯ ಸಾಲಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಈಗ ಯೋಚಿಸಿದರೆ ಅದೇ ಸರಿ ಅನಿಸುತ್ತದೆ. ಪರ–ವಿರೋಧದವರನ್ನು ಕಮಿಟಿಯವರು ಎಣಿಸುತ್ತಾರೆ. ಆನ್ ಅಂದವರನ್ನು ‘ಇವಳಿಗೆ ಏನು ಗೊತ್ತು ನೋಡೋಣ’ ಅಂತ ತಲೆ ಎತ್ತಿ ನೋಡುತ್ತಾರೆ.

ಎಚ್‌ಬಿ 3ರ ಹಿಯರಿಂಗ್ ಮಾರ್ಚ್ 11ರ ಬೆಳಗ್ಗೆ ಶುರುವಾಗಿ ಮರುದಿನ ಬೆಳಗಿನವರೆಗೆ ನಡೆಯಿತು. ನನ್ನ ಸರದಿ ಬಂದದ್ದು ರಾತ್ರಿ ಒಂದು ಗಂಟೆಯ ಮೇಲೆ. ಆದ್ದರಿಂದ ಇವನ್ನು ಮರೆಯಬೇಡಿ: ಫೋನ್ ಚಾರ್ಜರ್, ಸ್ವೆಟರ್, ಮೊಸರನ್ನ. ಹೊರಗೆ ಟೆಕ್ಸಸ್ ಬಿಸಿಲು, ಒಳಗೆ ಫ್ರಿಜ್‌ನಲ್ಲಿ ಇಟ್ಟ ಹಾಗೆ ಎಸಿ. ಮಗುವನ್ನು ನೋಡಿಕೊಳ್ಳುವವರಿಗೆ ‘ಸಂಜೆ ಬರ್ತೀನಿ’ ಅಂತ ಮಾತು ಕೊಡಬೇಡಿ.

ಇನ್ನೊಂದು. ನೀವು ಮಾತಾಡುವಾಗ ಅರ್ಧ ಕುರ್ಚಿ ಖಾಲಿ ಇರಬಹುದು. ಸದಸ್ಯರು ಎದ್ದು ಹೋಗುತ್ತಾರೆ, ಬೇರೆ ಕಮಿಟಿ ಇರುತ್ತದೆ, ಊಟ ಇರುತ್ತದೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಇರುವವರ ಕಣ್ಣು ನೋಡಿ ಮಾತಾಡಿ. ವೋಟು ಕೂಡ ಅವತ್ತೇ ಆಗುವುದು ಅಪರೂಪ. ‘ಬಿಲ್ ಪೆಂಡಿಂಗ್’ ಅಂತ ಹೇಳಿ ಎದ್ದುಬಿಡುತ್ತಾರೆ.

ಆ ಎರಡು ನಿಮಿಷ ಬರೆಯುವುದು

ಸಾಮಾನ್ಯವಾಗಿ ಎರಡು ನಿಮಿಷ, ಕೆಲವೊಮ್ಮೆ ಮೂರು. ಎರಡು ನಿಮಿಷ ಅಂದರೆ ಇಂಗ್ಲಿಷಿನಲ್ಲಿ 250 ಪದ. ನಮ್ಮವರು ಗಡಗಡ ಓದಿ 400 ತುರುಕುತ್ತಾರೆ, ಯಾರಿಗೂ ಅರ್ಥ ಆಗುವುದಿಲ್ಲ. ನಾನು ಮೊದಲು ಕನ್ನಡದಲ್ಲಿ ಬರೆದೆ. ಹೇಳಬೇಕಾದ್ದು ಏನು ಅಂತ ನನಗೇ ಗೊತ್ತಾದದ್ದು ಆವಾಗಲೇ. ಆಮೇಲೆ ಇಂಗ್ಲಿಷಿಗೆ ತಂದು, ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಕುಕ್ಕರ್ ಕೂಗುವ ಅಡುಗೆಮನೆಯಲ್ಲಿ ನಾಲ್ಕು ಸಲ ಓದಿದೆ. ಗಲಾಟೆಯ ನಡುವೆ ಓದಿ ಅಭ್ಯಾಸ ಆದರೆ ಆ ಕೋಣೆಯ ಗುಸುಗುಸು ಏನೂ ಮಾಡುವುದಿಲ್ಲ.

ಮೊದಲ ಸಾಲು ಕಮಿಟಿಯ ಅಧ್ಯಕ್ಷರಿಗೂ ಸದಸ್ಯರಿಗೂ ನಮಸ್ಕಾರ, ನಿಮ್ಮ ಹೆಸರು, ಊರು. ಎರಡನೆಯದು ನಿಮಗೆ ಈ ವಿಷಯ ಹೇಗೆ ಗೊತ್ತು. ಆಮೇಲೆ ನಿಮ್ಮದೇ ಒಂದು ಸಂಗತಿ. ಒಂದೇ. ಕೊನೆಗೆ ಒಂದು ಬೇಡಿಕೆ ಅಥವಾ ಒಂದು ಪ್ರಶ್ನೆ. ಪತ್ರಿಕೆಯಲ್ಲಿ ಬಂದದ್ದನ್ನು ಅವರಿಗೆ ಓದಿ ಹೇಳಬೇಡಿ, ಅದು ಅವರಿಗೆ ಬೆಳಗ್ಗಿನಿಂದ ಐವತ್ತು ಸಲ ಆಗಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ ಇತ್ತು. ‘ನನ್ನ ಮಗನಂಥ ಮಗುವನ್ನು ಆಗಸ್ಟ್‌ನಲ್ಲಿ ಸೇರಿಸಿಕೊಂಡ ಶಾಲೆ, ನವೆಂಬರ್‌ನಲ್ಲಿ ನಮ್ಮ ಕೈಲಿ ಆಗಲ್ಲ ಅಂತ ವಾಪಸ್ ಕಳಿಸಿದರೆ, ಅವನು ಬಿಟ್ಟುಬಂದ ಥೆರಪಿಯ ಜಾಗ ಅವನಿಗಾಗಿ ಕಾದಿರುತ್ತದಾ?’ ಉತ್ತರ ಬರಲಿಲ್ಲ. ಒಬ್ಬರು ಏನೋ ಬರೆದುಕೊಂಡರು. ಕಾನೂನು ಬದಲಾಯಿತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಎರಡು ವಾರ ಆದ ಮೇಲೆ ಒಂದು ಆಫೀಸಿನ ಆ ಸುಸ್ತಾದ ಹುಡುಗಿ ಫೋನ್ ಮಾಡಿ, ಆರ್ಡ್ ಕಾಗದದಲ್ಲಿ ಸ್ಪೀಚ್ ಥೆರಪಿಯ ಗಂಟೆ ಹೇಗೆ ಬರೆಯುತ್ತಾರೆ ಅಂತ ಅರ್ಧ ಗಂಟೆ ಕೇಳಿದಳು.

ಜೈಲಿನಿಂದ ಬಂದವರ ಬಿಲ್

ಇದು ನನ್ನ ವಿಷಯವೇ ಆಗಿರಲಿಲ್ಲ. ನಮ್ಮ ಅಂಗಡಿಯಲ್ಲಿ ದೊಡ್ಡ ಪ್ರಿಂಟಿಂಗ್ ಮಷಿನ್ ನೋಡಿಕೊಳ್ಳುವವರು ಒಂಬತ್ತು ವರ್ಷ ಜೈಲಿನಲ್ಲಿದ್ದು ಪೆರೋಲ್ ಮೇಲೆ ಬಂದವರು, ಅಂದರೆ ಉಳಿದ ಶಿಕ್ಷೆಯನ್ನು ಹೊರಗೆ ಒಬ್ಬ ಅಧಿಕಾರಿಯ ನಿಗಾದಲ್ಲಿ ಕಳೆಯುವವರು. ಊಟದ ಹೊತ್ತಿನಲ್ಲಿ ನನ್ನ ಚಿತ್ರಾನ್ನ ಅವರಿಗೆ, ಅವರ ಕಾರ್ನ್‌ಬ್ರೆಡ್ ನನಗೆ. ಕಮಿಟಿಯ ಕಥೆ ಹೇಳಿದಾಗ ಅವರು ‘ನನಗೂ ವೋಟಿಲ್ಲ’ ಅಂದರು. ಟೆಕ್ಸಸ್‌ನಲ್ಲಿ ದೊಡ್ಡ ಅಪರಾಧಕ್ಕೆ ಶಿಕ್ಷೆ ಆದವರಿಗೆ ಪೆರೋಲ್ ಸೇರಿ ಇಡೀ ಶಿಕ್ಷೆ ಮುಗಿಯುವ ತನಕ ವೋಟಿಲ್ಲ. ಮುಗಿದ ಮೇಲೆ ವಾಪಸ್ ಬರುತ್ತದೆ, 1997ರಿಂದ ಹಾಗೆ. ಒಂದೇ ಕೌಂಟರ್ ಹಿಂದೆ ಇಬ್ಬರು ವೋಟಿಲ್ಲದವರು, ಒಬ್ಬರಿಗೊಬ್ಬರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅವರೂ ಕಮಿಟಿಯ ಮುಂದೆ ಮಾತಾಡುವುದು ಅಂತ ಆಯಿತು. ಅವರ ಹಾಳೆ ಬರೆಯಲು ನಾನು ಕೂತೆ. ಮೊದಲ ಕರಡಿನಲ್ಲಿ ‘ಎಲ್ಲರಿಗೂ ಎರಡನೇ ಅವಕಾಶ ಬೇಕು’ ಅಂತ ಇತ್ತು. ಹೊಡೆದುಹಾಕಿದೆ. ಬಿಡುಗಡೆಯ ದಿನ ಕೈಗೆ ಏನು ಕೊಟ್ಟರು ಅಂತ ಕೇಳಿದೆ. 50 ಡಾಲರ್, ಒಂದು ಬಸ್ ಟಿಕೆಟ್. ಪೆರೋಲ್ ಅಧಿಕಾರಿಯ ಮುಂದೆ ಹೋಗಿ ನಿಂತ ಮೇಲೆ ಇನ್ನು 50. ಒಳಗೆ ಒಂಬತ್ತು ವರ್ಷ ಬಟ್ಟೆ ಹೊಲಿಯುವ ಕೆಲಸ, ಕೂಲಿ ಸೊನ್ನೆ. ಟೆಕ್ಸಸ್‌ನಲ್ಲಿ ಕೈದಿಗಳ ಕೆಲಸಕ್ಕೆ ಹೆಚ್ಚುಕಡಿಮೆ ಯಾರಿಗೂ ಕೂಲಿ ಇಲ್ಲ. ಆಸ್ಟಿನ್‌ನಲ್ಲಿ ಇಳಿದು ಮೊದಲು ಕೊಂಡದ್ದು ಬೆಲ್ಟು, ಯಾಕೆಂದರೆ ಕೊಟ್ಟ ಪ್ಯಾಂಟ್ ನಿಲ್ಲುತ್ತಿರಲಿಲ್ಲ. ‘ಅದನ್ನೇ ಹೇಳಿ’ ಅಂದೆ. ಹೌಸ್‌ನ ಕರೆಕ್ಷನ್ಸ್ ಕಮಿಟಿಯ ಮುಂದೆ ಅವರು ಬೆಲ್ಟಿನಿಂದಲೇ ಶುರು ಮಾಡಿದರು. ಫೋನ್ ನೋಡುತ್ತಿದ್ದ ಇಬ್ಬರು ಫೋನ್ ಕೆಳಗಿಟ್ಟರು.

ಈ ವಿಷಯದಲ್ಲಿ ಇನ್ನೊಂದು ಕೆಲಸ ಮಾಡುತ್ತದೆ, ಲೆಕ್ಕ. 2007ರಲ್ಲಿ ಟೆಕ್ಸಸ್‌ಗೆ ಇನ್ನು ಐದು ವರ್ಷದಲ್ಲಿ 17,000 ಜೈಲು ಹಾಸಿಗೆ ಬೇಕಾಗುತ್ತದೆ, ಸುಮಾರು 200 ಕೋಟಿ ಡಾಲರ್ ಖರ್ಚು ಅಂತ ಅಂದಾಜಿತ್ತು. ಪ್ಲೇನೋ ಕಡೆಯ ರಿಪಬ್ಲಿಕನ್ ಜೆರಿ ಮ್ಯಾಡನ್, ಹ್ಯೂಸ್ಟನ್‌ನ ಡೆಮಾಕ್ರಟ್ ಜಾನ್ ವಿಟ್‌ಮೈರ್ ಸೇರಿ, ಅದರ ಬದಲು 24.1 ಕೋಟಿ ಡಾಲರ್ ಅನ್ನು ಕುಡಿತ–ಮಾದಕವಸ್ತು ಬಿಡಿಸುವ ಚಿಕಿತ್ಸೆಗೆ, ಜೈಲಿನ ಬದಲು ಹೊರಗೇ ನಿಗಾದಲ್ಲಿ ಇಡುವ ಪ್ರೊಬೇಷನ್‌ನ ಸುಧಾರಣೆಗೆ ಹಾಕಿಸಿದರು. ಆಮೇಲೆ ರಾಜ್ಯ ಜೈಲುಗಳನ್ನು ಮುಚ್ಚಲೂ ಶುರು ಮಾಡಿತು. ನಮ್ಮ ಪ್ಲೇನೋದ ಎಷ್ಟು ಜನ ಕನ್ನಡಿಗರಿಗೆ ಇದು ಗೊತ್ತು? ಕರುಣೆಯ ಮಾತಿಗೆ ಒಂದು ಪಕ್ಷ ತಲೆ ಆಡಿಸುತ್ತದೆ, ಉಳಿತಾಯದ ಮಾತಿಗೆ ಎರಡೂ ಆಡಿಸುತ್ತವೆ. ಹಾಗಾಗಿ ಬೆಲ್ಟು ಮೊದಲು, ಲೆಕ್ಕ ಆಮೇಲೆ.

ಧರ್ಮದ ಬಿಲ್

ಇದು ಜಾರುವ ನೆಲ. ನಿಧಾನಕ್ಕೆ ಕಾಲಿಡಿ.

ಹೋಗುವ ಮುಂಚೆ ಕ್ಯಾಪಿಟಲ್ ಆವರಣದಲ್ಲೇ ಒಂದು ಕಲ್ಲು ನೋಡಿ ಬನ್ನಿ. ಆರಡಿ ಎತ್ತರದ ಗ್ರಾನೈಟ್, ಬೈಬಲ್‌ನ ಹತ್ತು ಆಜ್ಞೆಗಳನ್ನು ಕೆತ್ತಿದೆ. 1961ರಲ್ಲಿ ಒಂದು ಸಂಘದವರು ಕೊಟ್ಟಿದ್ದು. ಇದನ್ನು ತೆಗೆಸಿ ಅಂತ ಥಾಮಸ್ ವ್ಯಾನ್ ಆರ್ಡೆನ್ ಅನ್ನುವವರು ಕೇಸ್ ಹಾಕಿದರು. ಮನೆ ಇಲ್ಲದ ವಕೀಲರು, ಪಕ್ಕದ ಕಾನೂನು ಲೈಬ್ರರಿಯಲ್ಲಿ ಕೂತು ತಾವೇ ಅರ್ಜಿ ಬರೆದರು. ಸುಪ್ರೀಂ ಕೋರ್ಟ್ 2005ರಲ್ಲಿ 5–4ರಿಂದ ಕಲ್ಲು ಇರಲಿ ಅಂದಿತು. ಕಲ್ಲಿನ ಪರ ವಾದ ಮಾಡಿದವರು ಆಗ ಅಟಾರ್ನಿ ಜನರಲ್ ಆಗಿದ್ದ ಗ್ರೆಗ್ ಆಬಟ್. 2025ರ ಜೂನ್‌ನಲ್ಲಿ ಗವರ್ನರ್ ಆಗಿ ಎಸ್‌ಬಿ 10ಕ್ಕೆ ಸಹಿ ಹಾಕಿದವರೂ ಅವರೇ. ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಹತ್ತು ಆಜ್ಞೆಗಳ ಪೋಸ್ಟರ್, ಕನಿಷ್ಠ 16 ಇಂಚು ಅಗಲ, 20 ಇಂಚು ಉದ್ದ. ಒಕ್ಕಣೆ ಅದೇ ಕಲ್ಲಿನದು.

ಆ ಕಲ್ಲಿನಲ್ಲಿ ವಿಗ್ರಹಗಳನ್ನು ಮಾಡಿಕೊಳ್ಳಬೇಡ ಅನ್ನುವ ಒಂದು ಸಾಲಿದೆ. ನನ್ನ ಮಗ ಅಕ್ಷರ ಕೂಡಿಸಿ ಓದುವವನು. ಬೆಳಗ್ಗೆ ಗಣಪತಿಗೆ ಗರಿಕೆ ಬದಲು ಹಿತ್ತಲಿನ ಹುಲ್ಲು ಇಟ್ಟು ಶಾಲೆಗೆ ಹೋಗುವವನು. ಗೋಡೆಯ ಆ ಸಾಲು ಓದಿ ಸಂಜೆ ನನ್ನನ್ನು ಏನು ಕೇಳುತ್ತಾನೆ? ಹೇಳಬೇಕಾದ್ದು ಇಷ್ಟು ಮಾತ್ರ. ‘ನಮ್ಮ ಧರ್ಮ ಐದು ಸಾವಿರ ವರ್ಷದ್ದು’ ಅಂತ ಒಬ್ಬರು ಹಿರಿಯರು ಶುರು ಮಾಡಿ ಎರಡು ನಿಮಿಷ ಅದರಲ್ಲೇ ಕಳೆದದ್ದನ್ನು ನೋಡಿದ್ದೇನೆ. ಬಿಲ್ ತಂದವರ ಧರ್ಮದ ಮೇಲೂ ಟೀಕೆ ಬೇಡ. ಪರ ಇರುವವರು ಇದು ದೇಶದ ಇತಿಹಾಸ, ಕಾನೂನಿನ ಬೇರು ಅನ್ನುತ್ತಾರೆ. ಅವರಲ್ಲಿ ಎಷ್ಟೋ ಜನ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ.

ಎಸ್‌ಬಿ 10ರ ವಿರುದ್ಧ ಕೋರ್ಟಿಗೆ ಹೋದ ಮನೆಗಳಲ್ಲಿ ಯೆಹೂದಿ, ಕ್ರೈಸ್ತ, ಹಿಂದೂ, ಯಾವ ಧರ್ಮವೂ ಇಲ್ಲದವರು ಎಲ್ಲಾ ಇದ್ದರು. ಆಗಸ್ಟ್ 20ಕ್ಕೆ ಸ್ಯಾನ್ ಆಂಟೋನಿಯೋದ ಫೆಡರಲ್ ಜಡ್ಜ್ ಫ್ರೆಡ್ ಬಿಯರಿ 11 ಡಿಸ್ಟ್ರಿಕ್ಟ್‌ಗಳಲ್ಲಿ ತಡೆ ಕೊಟ್ಟರು, ಆಸ್ಟಿನ್, ಹ್ಯೂಸ್ಟನ್, ಪ್ಲೇನೋ ಅದರಲ್ಲಿ ಸೇರಿದ್ದವು. ವಿಷಯ ಅಪೀಲಿಗೆ ಹೋಯಿತು. ನಿಮ್ಮ ಶಾಲೆಯಲ್ಲಿ ಇವತ್ತು ಏನು ನಿಯಮ ಅಂತ ಡಿಸ್ಟ್ರಿಕ್ಟ್‌ಗೇ ಫೋನ್ ಮಾಡಿ ಕೇಳಿ, ವಾಟ್ಸಾಪ್ ನಂಬಬೇಡಿ.

ಧರ್ಮದ ಸ್ವಾತಂತ್ರ್ಯ ಅಂದರೆ ದೊಡ್ಡ ಗುಂಪಿನ ಪರ ಕಾನೂನು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಟೆಕ್ಸಸ್‌ನಲ್ಲಿ 1999ರ ಒಂದು ಕಾನೂನಿದೆ. ಯಾರದೇ ಧರ್ಮಾಚರಣೆಗೆ ಸರ್ಕಾರ ಅಡ್ಡಿ ಮಾಡಬೇಕಾದರೆ ಗಟ್ಟಿ ಕಾರಣ ಕೊಡಬೇಕು. ನೀಡ್‌ವಿಲ್ ಅನ್ನುವ ಊರಿನಲ್ಲಿ ಐದು ವರ್ಷದ ಮೂಲನಿವಾಸಿ ಹುಡುಗನ ಉದ್ದ ಕೂದಲು ಕತ್ತರಿಸಿ ಅಂತ ಶಾಲೆ ಹಟ ಹಿಡಿಯಿತು. 2010ರಲ್ಲಿ ಅವನು ಇದೇ ಕಾನೂನಿನಿಂದ ಗೆದ್ದ. ಜುಟ್ಟು, ಜನಿವಾರ, ಹಣೆಯ ವಿಭೂತಿ ವಿಷಯ ಬಂದಾಗ ನಮಗೆ ನೆರವಾಗುವುದೂ ಇದೇ ಕಾನೂನು.

ಸಿಂಟನ್ ಅನ್ನುವ ಸಣ್ಣ ಊರಿನ ಕಥೆ ಇನ್ನೂ ಸ್ವಾರಸ್ಯದ್ದು. ರಿಚರ್ಡ್ ಬಾರ್ ಅನ್ನುವ ಪಾದ್ರಿ ತಮ್ಮ ಚರ್ಚಿನ ಎದುರಿಗೆ ಎರಡು ಮನೆ ಇಟ್ಟು, ಜೈಲಿನಿಂದ ಬಂದವರಿಗೆ ಇರಲು ಕೊಟ್ಟರು. ಊರಿನವರಿಗೆ ಸಿಟ್ಟು ಬಂತು. ಮನೆಗಳ, ಶಾಲೆಯ, ಚರ್ಚಿನ 1,000 ಅಡಿ ಒಳಗೆ ಇಂಥದ್ದು ಇರಬಾರದು ಅಂತ ನಗರಸಭೆ ನಿಯಮ ಮಾಡಿತು. ಸಣ್ಣ ಊರು, ಆ ಅಳತೆ ಹಿಡಿದರೆ ಜಾಗವೇ ಉಳಿಯುವುದಿಲ್ಲ. 2009ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಪಾದ್ರಿಯ ಪರ ತೀರ್ಪು ಕೊಟ್ಟಿತು, ಇವರನ್ನು ನೋಡಿಕೊಳ್ಳುವುದು ಅವರ ಧರ್ಮಾಚರಣೆ ಅಂತ. ಈ ತೀರ್ಪನ್ನು ನಾನು ನಮ್ಮ ಮಷಿನ್‌ನವರಿಗೆ ಓದಿ ಹೇಳಿದೆ. ‘ನಾನು ಅಂಥದ್ದೇ ಒಂದು ಮನೆಯಲ್ಲಿ ಎಂಟು ತಿಂಗಳು ಇದ್ದೆ’ ಅಂದರು.

ಈಗ

ಅವರ ಪೆರೋಲ್ ಮುಗಿಯಿತು. ವೋಟರ್ ಕಾರ್ಡಿನ ಅರ್ಜಿ ಲೈಬ್ರರಿಯಲ್ಲೂ ಪೋಸ್ಟ್ ಆಫೀಸಿನಲ್ಲೂ ಸಿಗುತ್ತದೆ, ಚುನಾವಣೆಗೆ 30 ದಿನ ಮುಂಚೆ ಕೊಡಬೇಕು. ಅಂಗಡಿಯ ಕೌಂಟರಿನ ಮೇಲೆ ಇಟ್ಟು ತುಂಬಿದರು, ಪೆನ್ನು ನನ್ನದು. ‘ನಿಂದು ಯಾವಾಗ?’ ಅಂತ ಕೇಳಿದರು. ನಮ್ಮ ಕ್ಯೂ ಎಷ್ಟು ಉದ್ದ ಇದೆ ಅಂತ ಹೇಳಿದೆ. ಅವರು ಒಂದು ಸಲ ಶಿಳ್ಳೆ ಹೊಡೆದು, ‘ನಂದೇ ವಾಸಿ ಇತ್ತಲ್ಲ, ಕೊನೇ ತಾರೀಖಾದ್ರೂ ಇತ್ತು’ ಅಂದರು.

2027ರ ಫೆಬ್ರವರಿ, ಮಾರ್ಚ್‌ನಲ್ಲಿ ಕೆಲವು ದಿನ ರಜಾ ಬೇಕಾಗಬಹುದು ಅಂತ ಇಬ್ಬರೂ ಈಗಲೇ ಧಣಿಗೆ ಹೇಳಿಟ್ಟಿದ್ದೇವೆ. ಇಬ್ಬರೂ ಒಂದೇ ದಿನ ಹೋದರೆ ಬ್ಯಾನರ್ ಯಾರು ಪ್ರಿಂಟ್ ಮಾಡ್ತಾರೆ ಅಂತ ಅವರದ್ದು ಒಂದೇ ಚಿಂತೆ.